ಬಿಳಿ ಬಟ್ಟೆ ಉಜ್ಜಿ ನೋಡಿದ ಡ್ರಮ್ಮು

ಮಗಳು ಬಸುರಿ ಅಂತ ವಿಜಯಪುರದಿಂದ ಫೋನು ಬಂದ ದಿನ ಹೆಂಡತಿ ನನ್ನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ನುಂಗಿದ ಮೇಲೆ ನಾನು ಕೇಳಿದ ಮೊದಲ ಮಾತು, "ಇದು ಯಾವ ಡಬ್ಬದ್ದು? ಇರುವೆ ಪುಡಿ ಇಟ್ಟಿದ್ದ ಶೆಲ್ಫಿನದಾ?" ಅವಳು ಡಬ್ಬ ಮುಚ್ಚಿ ಒಳಗೆ ಹೋದಳು. ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಯಾವುದಕ್ಕೆ ಬೆನ್ನು ತಿರುಗಿಸಬೇಕು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಾಗಿದೆ.

ನಾನು ಹೆದರುವ ಮನುಷ್ಯ. ಗುಡುಗು, ಹಾವು, ಕತ್ತಲೆ ಇಂಥ ಗೌರವಸ್ಥ ಭಯಗಳಲ್ಲ ನನ್ನವು. ಗ್ಯಾಸ್ ಸಿಲಿಂಡರಿನ ವಾಷರು, ಬಸ್ಸಿನ ಕಿಟಕಿಯ ಸಡಿಲ ಸರಳು, ಊಟದಲ್ಲಿ ಬಂದ ಹೆಚ್ಚಿನ ಬಿಕ್ಕಳಿಕೆ, ಇಂಥವು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಕಾರರ ಮನೆ. ಕೆಳಗೆ ನಾಲ್ಕು ಪವರ್‌ಲೂಮು, ಹಿಂದೆ ಅಡುಗೆಮನೆ, ಮೇಲೆ ತಾರಸಿ. ದಿನವಿಡೀ ಆ ಮಗ್ಗಗಳ ಸದ್ದಿನಲ್ಲಿ ಬೇರೆಯವರಿಗೆ ಅವರ ಯೋಚನೆಯೇ ಕೇಳಿಸುವುದಿಲ್ಲವಂತೆ. ನನಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಮಗಳಿಗೆ ಚಿಕ್ಕಂದಿನಿಂದ ಟೊಮ್ಯಾಟೊ ಅಂದರೆ ಪ್ರಾಣ. ಅದೂ ದೋರೆಗಾಯಿ. ಉಪ್ಪು ಖಾರ ಸವರಿಕೊಂಡು ಮೆಟ್ಟಿಲ ಮೇಲೆ ಕೂತು ಕಚ್ಚಿ ತಿನ್ನುತ್ತಿದ್ದಳು. ಈಗ ಬಸುರಿನ ಬಯಕೆ ಬೇರೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಬಾಣಂತನಕ್ಕೆ ಇಲ್ಲಿಗೇ ಬರುವವಳು. ಫೋನು ಬಂದ ವಾರವೇ ಒಂದು ಮದುವೆಗೆಂದು ನಂದಗುಡಿ ಕಡೆ ಹೋಗಿದ್ದೆ. ದಾರಿ ಪಕ್ಕದ ಟೊಮ್ಯಾಟೊ ತೋಟದಲ್ಲಿ ಒಬ್ಬರು ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಮೂಗಿಗೆ ಟವೆಲ್ ಸುತ್ತಿಕೊಂಡು ಔಷಧಿ ಹೊಡೆಯುತ್ತಿದ್ದರು. ಎಲ್ಲ ಕಡೆ ಹೊಡೆಯುವುದೇ, ಹೊಸದೇನಲ್ಲ. ಆದರೆ ನನ್ನ ಕಣ್ಣು ಬಿದ್ದದ್ದು ಆ ಮೂಗಿನ ಟವೆಲ್ ಮೇಲೆ. ಹೊಡೆಯುವವರಿಗೆ ಟವೆಲ್ ಇದೆ, ತಿನ್ನುವ ಕೂಸಿಗೆ ಏನಿದೆ? ಮದುವೆ ಊಟದಲ್ಲಿ ರಸಂ ಮುಟ್ಟಲಿಲ್ಲ. ಮನೆಗೆ ಬಂದವನೇ, "ಟೊಮ್ಯಾಟೊ ನಾವೇ ಬೆಳೆಯೋಣ, ತಾರಸಿ ಮೇಲೆ," ಎಂದೆ.

"ಬೆಳೀರಿ. ಯಾರು ಬೇಡ ಅಂದ್ರು?" ಎಂದಳು ಹೆಂಡತಿ. ಅವಳು ಅಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ ತಂದಿತು.

ಎರಡು ಮನೆ ಆಚೆಗೆ ನಿವೃತ್ತ ಮೇಷ್ಟ್ರೊಬ್ಬರ ತಾರಸಿಯಲ್ಲಿ ಸಣ್ಣದೊಂದು ಕಾಡೇ ಇದೆ. ನೀರೆಷ್ಟು, ಗೊಬ್ಬರವೆಷ್ಟು ಎಂದು ಕೇಳಿದೆ. "ಅದೆಲ್ಲ ಆಮೇಲೆ ಸ್ವಾಮಿ. ಮೊದ್ಲು ಯಾವುದ್ರಲ್ಲಿ ನೆಡ್ತೀರ ಅನ್ನೋದು ನೋಡ್ಕೊಳ್ಳಿ," ಎಂದರು. "ಟೊಮ್ಯಾಟೊ ಬೇರಿಗೆ ಒಂದು ಮೊಳ ಆಳ ಬೇಕು. ಒಂದು ಗಿಡಕ್ಕೆ ದೊಡ್ಡ ಬಕೆಟ್ಟಿನಷ್ಟು ಮಣ್ಣಾದ್ರೂ ಬೇಕು. ತಳದಲ್ಲಿ ತೂತಿರ್ಬೇಕು. ಮಿಕ್ಕಿದ್ದು ಗಿಡ ನೋಡ್ಕೊಳುತ್ತೆ."

ಮಿಕ್ಕಿದ್ದನ್ನು ಗಿಡಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಮೊದಲು ಮಣ್ಣಿನ ಕುಂಡ ತಂದೆ. ಮಗ್ಗದ ಮನೆಯ ತಾರಸಿಯಲ್ಲಿ ವಸ್ತುಗಳು ಇಟ್ಟಲ್ಲಿ ಇರುವುದಿಲ್ಲ. ಕೆಳಗೆ ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಾಗ ಮೇಲಿನದೆಲ್ಲ ಸಣ್ಣಗೆ ನಡುಗುತ್ತಾ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರುಗುತ್ತದೆ. ಸೋಮವಾರ ಕುಂಡದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಶನಿವಾರಕ್ಕೆ ಕುಂಡ ನಾಲ್ಕು ಬೆರಳು ಆಚೆಗಿತ್ತು, ಅದೂ ಬೀದಿಯ ಕಡೆಗೆ. ಬೀದಿಯಲ್ಲಿ ಜನ ಓಡಾಡುತ್ತಾರೆ, ಜನಕ್ಕೆ ತಲೆ ಇರುತ್ತದೆ. ಹೆಂಡತಿಯನ್ನು ಕರೆದು ತೋರಿಸಿದೆ.

"ಅದಕ್ಕೂ ನಿಮ್ಮ ಜೊತೆ ಇರಕ್ಕಾಗ್ತಿಲ್ಲ, ಪಾಪ. ಓಡೋಗ್ತಿದೆ," ಎಂದು ಕೆಳಗಿಳಿದಳು.

ಸಿಮೆಂಟ್ ಕುಂಡ ಓಡುವುದಿಲ್ಲ, ಆದರೆ ಅದರ ಭಾರಕ್ಕೆ ತಾರಸಿಯೇ ಮಗ್ಗದ ಮೇಲೆ ಕೂತರೆ? ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿ ನಡುಹಗಲಲ್ಲಿ ಕೈ ಇಟ್ಟರೆ ದೋಸೆ ಹೆಂಚು. ಪೇಂಟಿನ ಬಕೆಟ್ಟಿನ ಮೇಲೆ ಐದಾರು ಭಾಷೆಯಲ್ಲಿ ಎಚ್ಚರಿಕೆ ಬರೆದಿತ್ತು. ನನಗೆ ಬರುವ ಮೂರು ಭಾಷೆಯಲ್ಲಿ ಓದಿದೆ, ಮೂರರಲ್ಲೂ ಬೇರೆ ಬೇರೆ ಥರ ಹೆದರಿಕೆಯಾಯಿತು. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತಾ, ಬುದ್ಧಿವಂತ ಅನ್ನಿಸಿಕೊಳ್ಳುತ್ತಾ, ಕೊನೆಗೆ ನಾನು ಹೋಗಿ ನಿಂತದ್ದು ಗೆಳೆಯನ ಬಣ್ಣದ ಶೆಡ್ಡಿನ ಮುಂದೆ.

ಈ ಗೆಳೆಯ ಸ್ಕೂಲಿನಿಂದ ಜೊತೆಗಾರ. ನೂಲಿಗೆ ಬಣ್ಣ ಹಾಕುವುದು ಅವನ ಕೆಲಸ, ನಮ್ಮ ಮನೆಯ ನೂಲಿಗೂ ಅವನೇ. ಅವನ ಶೆಡ್ಡಿನ ಹೊರಗೆ ಖಾಲಿಯಾದ ನೀಲಿ ಡ್ರಮ್ಮುಗಳ ಸಾಲು ಯಾವಾಗಲೂ ಇರುತ್ತದೆ. ನಮ್ಮೂರಿನಲ್ಲಿ ನೀಲಿ ಡ್ರಮ್ಮು ಅಂದರೆ ಮನೆಯ ಸದಸ್ಯನಿದ್ದ ಹಾಗೆ. ಸ್ನಾನದ ನೀರಿಗೆ ಅದು, ಚಿಂದಿ ನೂಲಿಗೆ ಅದು, ರಾಗಿ ತುಂಬಲು ಅದು. ಅದರಲ್ಲಿ ಮೊದಲು ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಯಾವುದನ್ನೂ ಕೇಳದೆ ಬಿಡದ ನಾನೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದಕ್ಕೆ ಹೆದರಬೇಕು ಅಂತ ಯಾರಿಗೆ ಹೊಳೆಯುತ್ತದೆ?

"ಟೊಮ್ಯಾಟೊಗಾ? ತಗೊಂಡೋಗು ಗುರು, ಎರಡು," ಎಂದ ಗೆಳೆಯ. ಶೆಡ್ಡಿನೊಳಗೆ ಕುದಿಯುವ ನೀರಿನ ಹಬೆಯಲ್ಲಿ ನಿಂತಿದ್ದ. ಹೊರಗೆ ಬಂದು ನೋಡಲಿಲ್ಲ. ನಾನೇ ಆರಿಸಿಕೊಂಡೆ. ಬಣ್ಣದ ಕಲೆ ಇರುವ ಡ್ರಮ್ಮುಗಳನ್ನೆಲ್ಲ ಬಿಟ್ಟು, ಒಳಗೆ ಒಂದು ಚುಕ್ಕಿ ಕಲೆಯೂ ಇಲ್ಲದ ಎರಡನ್ನು ಹುಡುಕಿ ತೆಗೆದೆ. ಹುಡುಕಿ ತೆಗೆದೆ ಅನ್ನುವುದನ್ನು ಇನ್ನೊಮ್ಮೆ ಹೇಳುತ್ತಿದ್ದೇನೆ.

ಗರಗಸದಲ್ಲಿ ಎರಡನ್ನೂ ಅಡ್ಡಡ್ಡ ಕುಯ್ದೆ, ನಾಲ್ಕಾಯಿತು. ಬಾಯಿಯಿದ್ದ ಅರ್ಧಗಳನ್ನು ಮಗುಚಿ ಬಾಯಿಗೆ ಜಾಲರಿ ಕಟ್ಟಿದೆ, ತಳವಿದ್ದ ಅರ್ಧಗಳಿಗೆ ಕಾಸಿದ ಕಬ್ಬಿಣದ ಕಡ್ಡಿಯಿಂದ ತೂತು ಹಾಕಿದೆ. ಬೂದಿ, ಅಂಟುವಾಳ, ಬಿಸಿನೀರು ಹಾಕಿ ತೊಳೆದೆ. ಆಮೇಲೆ ನಮ್ಮಪ್ಪ ಕಲಿಸಿದ ಪರೀಕ್ಷೆ ಮಾಡಿದೆ.

ಆ ಪರೀಕ್ಷೆಯ ವಿಷಯ ಹೇಳಬೇಕು. ಕೆನೆಬಣ್ಣದ ಸೀರೆಗೆ ಕೆಂಪು ಅಂಚು ಹಾಕಿ, ಮೊದಲ ನೀರಿಗೇ ಅಂಚಿನ ಕೆಂಪು ಒಡಲಿಗೆ ಇಳಿದರೆ ಆ ಸೀರೆಯೂ ಹೋಯಿತು, ನೇಯ್ದವನ ಹೆಸರೂ ಹೋಯಿತು. ಅದಕ್ಕೆ ನಾವು ಬಣ್ಣದ ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡುತ್ತೇವೆ. ಬಟ್ಟೆ ಬಿಳಿಯಾಗೇ ಉಳಿದರೆ ನೂಲು ಗಟ್ಟಿ, ನಂಬಬಹುದು. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ನಂಬಿಕೆ ಅಂದರೆ ಇದೇ. ಹಳೇ ಪಂಚೆಯ ತುಂಡೊಂದನ್ನು ಒದ್ದೆ ಮಾಡಿ, ತೊಳೆಯುವ ಮೊದಲೊಮ್ಮೆ ತೊಳೆದ ಮೇಲೊಮ್ಮೆ ಡ್ರಮ್ಮಿನ ಒಳಗೋಡೆಗೆಲ್ಲ ಉಜ್ಜಿದೆ. ಕಲೆ ಇಲ್ಲ. ಮೊದಲ ಸಲ ಉಜ್ಜಿದ ಭಾಗವಂತೂ ಮುಂಚಿಗಿಂತ ಬೆಳ್ಳಗಾದಂತಿತ್ತು. ಹೆಂಡತಿಗೆ ತೋರಿಸಿ, "ನೋಡು, ಎಷ್ಟು ಶುದ್ಧ," ಎಂದೆ. ಒಳ್ಳೆಯ ಶಕುನ ಅಂದುಕೊಂಡೆ.

ರಾಜಘಟ್ಟದ ಕಡೆಯ ನೆಂಟರ ಹೊಲದಿಂದ ಕೆಮ್ಮಣ್ಣು ತಂದೆ. ಆ ಊರಲ್ಲಿ ಹಿಂದೆ ನೆಲ ಅಗೆದು ಪುರಾತನ ಇಟ್ಟಿಗೆಗಳನ್ನೆಲ್ಲ ತೆಗೆದಿದ್ದರು, ಹಾಗಾಗಿ ನನ್ನ ಚೀಲದಲ್ಲೂ ಏನಾದರೂ ಬಂದು ಪೊಲೀಸರು ಹಿಡಿದರೆ ಎಂದು ಪ್ರತಿ ಹೆಂಟೆಯನ್ನೂ ಒಡೆದು ನೋಡಿದೆ. ಮಣ್ಣಿನಲ್ಲಿ ಮಣ್ಣೇ ಇತ್ತು. ಸಸಿ ನೆಟ್ಟೆ. ಅಗಲ ತಳದ, ಗಟ್ಟಿ ಮೈಯ ಆ ಅರ್ಧ ಡ್ರಮ್ಮುಗಳು ಮಗ್ಗ ಎಷ್ಟು ಬಡಿದರೂ ಅಲುಗಲಿಲ್ಲ. ಗಿಡ ಎದೆಯೆತ್ತರ ಬಂತು, ಹೂ ಬಿಟ್ಟಿತು. ಸೀಮಂತ ಮುಗಿಸಿ ಮಗಳು ಬರುವ ಹೊತ್ತಿಗೆ ಗೊಂಚಲು ಗೊಂಚಲು ಕಾಯಿ. ಬದುಕಿನಲ್ಲಿ ಮೊದಲ ಸಲ ನಾನು ಮಾಡಿದ ಒಂದು ಕೆಲಸ ಸರಿಯಾಗಿ ಮುಗಿದಿತ್ತು. ಆ ಎರಡು ವಾರ ನಾನು ಬೀದಿಯಲ್ಲಿ ನಡೆಯುತ್ತಿದ್ದ ರೀತಿಯನ್ನು ನೋಡಿ ಮೇಷ್ಟ್ರು, "ಏನ್ ಸ್ವಾಮಿ, ಎಲೆಕ್ಷನ್‌ಗೆ ನಿಂತಿದ್ದೀರಾ?" ಎಂದು ಕೇಳಿದ್ದರು.

ಮಗಳು ದಿನಕ್ಕೆ ನಾಲ್ಕೋ ಐದೋ ತಿನ್ನುತ್ತಿದ್ದಳು. ನಾನೇ ಕಿತ್ತು ತಂದು, ತೊಳೆದು, ಉಪ್ಪು ಖಾರದ ತಟ್ಟೆಯ ಜೊತೆ ಮುಂದಿಡುತ್ತಿದ್ದೆ. "ಅಪ್ಪಾ, ಅಂಗಡಿದಕ್ಕೆ ಈ ಹುಳಿ ಬರಲ್ಲ," ಎಂದು ಅವಳು ಕಣ್ಣು ಮುಚ್ಚಿಕೊಂಡು ಅಗಿಯುವುದನ್ನು ಕೂತು ನೋಡುತ್ತಿದ್ದೆ.

ಬಣ್ಣ ಹಾಕಿದ ನೂಲು ಕೊಡಲು ಗೆಳೆಯ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಮಗಳು ಒಳಗೆ ಮಲಗಿದ್ದಳು. ಹೆಮ್ಮೆ ತಡೆಯಲಾರದೆ ಅವನನ್ನು ತಾರಸಿಗೆ ಎಳೆದುಕೊಂಡು ಹೋದೆ. ಅವನು ಗಿಡ ನೋಡಿದ, ಕಾಯಿ ಮುಟ್ಟಿದ, ಆಮೇಲೆ ಬಗ್ಗಿ ಡ್ರಮ್ಮಿನ ಮೈ ತಟ್ಟಿದ.

"ಲೇ, ಇವನ್ನ ತಂದಿದ್ಯಾ? ಇವು ಬಣ್ಣದ್ದಲ್ಲ ಕಣೋ."

"ಗೊತ್ತು. ಕಲೆ ಇಲ್ದೇ ಇರೋದನ್ನ ನೋಡಿ ತಂದೆ. ಬಿಳಿ ಬಟ್ಟೆ ಉಜ್ಜಿ ನೋಡಿದೀನಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಳಿ ಬಟ್ಟೆಯಾ? ಅಯ್ಯೋ ಮಂಕೆ, ಇದು ನೂಲು ಬೆಳ್ಳಗೆ ಮಾಡೋ ಔಷಧಿ ಬರೋ ಡ್ರಮ್ಮು! ನೀನು ಬಿಳಿ ಬಟ್ಟೆ ಉಜ್ಜಿದ್ರೆ ಅದು ಇನ್ನೂ ಬೆಳ್ಳಗಾಗಿರುತ್ತೆ ಬಿಡು!"

ಬೆಳ್ಳಗಾಗಿತ್ತು.

ಕೆಳಗೆ ಮಗ್ಗಗಳು ಬಡಿಯುತ್ತಿದ್ದವು. ನಾನು ಬಗ್ಗಿ ಉದುರಿದ್ದ ಎಲೆಯೊಂದನ್ನು ಹೆಕ್ಕಿದೆ. ಮಗಳು ತಿನ್ನುತ್ತಿರುವ ವಿಷಯ ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ನಗು ನಿಲ್ಲಿಸುತ್ತಿದ್ದ, ಅವನು ನಗು ನಿಲ್ಲಿಸಿದರೆ ಅದು ನಿಜವಾಗಿಬಿಡುತ್ತಿತ್ತು. ಕಾಫಿ ಕುಡಿಸಿ ಕಳಿಸಿದೆ.

ಹದಿನಾರು ದಿನ. ದಿನಕ್ಕೆ ನಾಲ್ಕು ಅಂದರೆ ಅರವತ್ತನಾಲ್ಕು. ಐದು ಅಂದರೆ ಎಂಬತ್ತು. ಎಲ್ಲವನ್ನೂ ನನ್ನ ಕೈಯಾರೆ ತೊಳೆದು ಕೊಟ್ಟಿದ್ದೇನೆ. ಬಣ್ಣ ಅಂದರೆ ಮಾತ್ರ ಅಪಾಯ, ಬಣ್ಣ ಇಲ್ಲದ್ದು ನಿರಪಾಯ ಅನ್ನುವುದು ನೇಕಾರನ ಲೆಕ್ಕ. ನೀರಿನ ಹಾಗೆ ಕಾಣುವ ವಿಷಕ್ಕೆ ನಮ್ಮಪ್ಪ ಪರೀಕ್ಷೆ ಕಲಿಸಿರಲಿಲ್ಲ. ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ನಮ್ಮ ರಾಗಿಯ ಡ್ರಮ್ಮು ನಿಂತಿತ್ತು, ನೀಲಿ, ಹಳೆಯದು, ನಮ್ಮಮ್ಮನ ಕಾಲದ್ದು. ಈ ಮಗಳಿಗೇ ಹಾಲು ಬಿಡಿಸಿ ಮೊದಲ ಅಂಬಲಿ ಕುಡಿಸಿದ ರಾಗಿ ಇದರದ್ದೇ. ಅದರ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ನಿಂತೆ. ತೆಗೆಯಲು ಧೈರ್ಯ ಬರಲಿಲ್ಲ.

"ಏನ್ರೀ, ಹಸಿವಾ?" ಎಂದಳು ಹೆಂಡತಿ.

"ಹೂಂ," ಎಂದೆ.

ಈಗ ನೆನೆಸಿಕೊಂಡರೆ, ಆ ಕ್ಷಣ ಎಲ್ಲವನ್ನೂ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ದಿನವಿಡೀ ಸುಳ್ಳು ಭಯಗಳನ್ನು ಜೋರಾಗಿ ಹೇಳಿಕೊಂಡು ಓಡಾಡುವವನು, ಒಂದು ನಿಜವಾದ ಭಯ ಬಂದಾಗ ಬಾಯಿ ಮುಚ್ಚಿಕೊಂಡೆ. ಗಿಡ ಕಿತ್ತರೆ ಯಾಕೆ ಅಂತ ಕೇಳುತ್ತಾರೆ. ಅದಕ್ಕೆ ಬೆಳಕು ಹರಿಯುವ ಮೊದಲೇ ತಾರಸಿಗೆ ಹೋಗಿ, ಬಲಿತ ಕಾಯನ್ನೆಲ್ಲ ಕಿತ್ತು, ಲುಂಗಿಯ ಮಡಿಲಲ್ಲಿ ಕಟ್ಟಿಕೊಂಡು ಬೀದಿ ಕೊನೆಯ ಮೋರಿಗೆ ಸುರಿದು ಬಂದೆ. ಮಗಳಿಗೆ, "ಅಳಿಲು ಕಣಮ್ಮ. ಒಂದೂ ಬಿಟ್ಟಿಲ್ಲ," ಎಂದೆ.

"ಅಳಿಲು ಅಷ್ಟೊಂದು ತಿನ್ನುತ್ತಾ ಅಪ್ಪಾ?"

"ಗುಂಪಾಗಿ ಬರ್ತವೆ."

ಮೂರು ದಿನ ಹೀಗೇ ನಡೆಯಿತು. ಆ ಮೂರು ದಿನ ನಾನು ಮಗಳ ಮುಖವನ್ನು ನೋಡಿದ್ದಕ್ಕಿಂತ ಹೊಟ್ಟೆಯನ್ನು ನೋಡಿದ್ದೇ ಹೆಚ್ಚು. ಅವಳು ಸ್ವಲ್ಪ ಹೊತ್ತು ಹೊಟ್ಟೆ ಸವರದಿದ್ದರೆ, "ಮಗು ಒದೀತಿದ್ಯಾ?" ಎಂದು ಕೇಳುವುದು. ಒದೆಯುತ್ತಿದೆ ಅಂದರೆ, "ಜಾಸ್ತಿ ಒದೀತಿಲ್ಲ ತಾನೇ?" ಎಂದು ಕೇಳುವುದು. ಅವಳು ತಾಯಿಯ ಹತ್ತಿರ, "ಅಮ್ಮಾ, ಅಪ್ಪನ್ನ ಎಲ್ಲಾದ್ರೂ ಊರಿಗೆ ಕಳ್ಸು," ಎಂದದ್ದು ಮಗ್ಗದ ಸದ್ದಿನಲ್ಲೂ ನನಗೆ ಕೇಳಿಸಿತು.

ನಾಲ್ಕನೇ ದಿನ ನಸುಕಿನಲ್ಲಿ ಮಡಿಲು ತುಂಬಿಕೊಂಡು ತಿರುಗಿದರೆ, ಮೆಟ್ಟಿಲ ತುದಿಯಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಒಂದು ಕೋಲು. ಅಳಿಲು ಓಡಿಸಲು ಬಂದಿದ್ದಳು.

ನಮ್ಮ ಮೆಟ್ಟಿಲಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಹಿಡಿ ಹಾಕಿಸಬೇಕು ಎಂದು ನಾನು ಹೆದರುತ್ತಲೇ ಬಂದಿದ್ದೆ, ಹಾಕಿಸಿರಲಿಲ್ಲ. ಅವಳ ಪಾದ ಎರಡೂ ಊದಿದ್ದವು. "ಅಪ್ಪಾ? ನೀನೇನಾ?" ಎಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಹಿಂದೆ ಮೆಟ್ಟಿಲಿತ್ತು, ಅದರ ಅಂಚಿತ್ತು. ಕೋಲು ಕೈಜಾರಿ ಕೆಳಗೆ ಬಿತ್ತು. ಬೀಳುತ್ತಾ ಎಷ್ಟು ಸಲ ಎಲ್ಲೆಲ್ಲಿ ತಗುಲಿತು ಅನ್ನುವುದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಮಡಿಲು ಬಿಟ್ಟು ಹಾರಿ ಅವಳ ಎರಡೂ ತೋಳು ಹಿಡಿದುಕೊಂಡೆ. ಟೊಮ್ಯಾಟೊಗಳು ತಾರಸಿಯೆಲ್ಲ ಉರುಳಿದವು. ಅವಳು ಬಿದ್ದಿದ್ದರೆ ಅದಕ್ಕೆ ಡ್ರಮ್ಮು ಕಾರಣವಾಗುತ್ತಿರಲಿಲ್ಲ. ನಾನಾಗುತ್ತಿದ್ದೆ.

ಅಲ್ಲೇ ಕೂತು ಹೇಳಿದೆ. ಗೆಳೆಯ ಬಂದದ್ದು, ನಕ್ಕದ್ದು, ಪಂಚೆಯ ತುಂಡು ಬೆಳ್ಳಗಾದದ್ದು, ಅರವತ್ತನಾಲ್ಕೋ ಎಂಬತ್ತೋ ಅನ್ನುವುದು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ನನ್ನ ಕೂಸೇ ನನ್ನಿಂದ ತನ್ನ ಕೂಸನ್ನು ಮರೆಮಾಡಿಕೊಂಡಂತೆ ಕಂಡಿತು.

"ಮೂರು ದಿನ ಸುಮ್ನಿದ್ಯಲ್ಲಪ್ಪ," ಎಂದಳು ಕೊನೆಗೆ. "ನಲ್ಲಿ ತೊಟ್ಟಿಕ್ಕಿದ್ರೆ ಬೀದಿಗೆಲ್ಲ ಹೇಳ್ತೀಯ. ಇದನ್ನ ಹೇಳಕ್ಕಾಗ್ಲಿಲ್ವಾ?"

ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಡಾಕ್ಟರಮ್ಮನ ಮುಂದೆ ಕೂತಿದ್ದೆವು. ವಿಷಯ ಕೇಳಿದ ಹೆಂಡತಿ ದಾರಿಯುದ್ದಕ್ಕೂ ಮಗಳ ಕೈ ಬಿಟ್ಟಿರಲಿಲ್ಲ. ಯಾವ ಔಷಧಿ ಎಂದು ಡಾಕ್ಟರಮ್ಮ ಕೇಳಿದರು. ಗೆಳೆಯನಿಗೆ ಫೋನು ಮಾಡಿದೆ. ವಿಷಯ ಕೇಳಿ ಅವನು ಈ ಸಲ ನಗಲಿಲ್ಲ. "ಪೆರಾಕ್ಸೈಡ್ ಕಣೋ, ನೂಲು ಬಿಳಿ ಮಾಡಕ್ಕೆ. ಅದೇ ಇರ್ಬೇಕು. ಆಸಿಡ್ಡೂ ಅಂಥ ಡ್ರಮ್ಮಲ್ಲೇ ಬರುತ್ತೆ... ಚೀಟಿ ಕಿತ್ತೋಗಿತ್ತು. ನನಗೆ ಮೊದ್ಲೇ ಹೇಳ್ಬಾರ್ದಾ ಲೇ?" ಎಂದ. ಅವನ ಮನೆಯ ಸ್ನಾನದ ನೀರೂ ಅಂಥದ್ದರಲ್ಲೇ ಇರುವುದು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆಗೆ ಬರೆದರು, ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೋಡಿ ಯಜಮಾನ್ರೇ, ಮಗು ಬೆಳವಣಿಗೆ ಸರಿಯಾಗಿದೆ, ಓಡಾಡ್ತಿದೆ. ತೊಳೆದಿದ್ದೀರಿ, ಮಣ್ಣು ತುಂಬಿ ತಿಂಗಳುಗಟ್ಟಲೆ ನೀರು ಹಾಕಿದ್ದೀರಿ. ಏನೂ ಆಗಿರಲಾರದು ಅನ್ಸುತ್ತೆ. ಆದ್ರೆ ಯಾವ ಔಷಧಿ ಅಂತ ಖಚಿತ ಗೊತ್ತಿಲ್ದೇ ಏನೇನೂ ಇಲ್ಲ ಅಂತ ನಾನು ಬರ್ದು ಕೊಡಲ್ಲ. ಇನ್ನು ತಿನ್ನೋದು ಬೇಡ."

ಅನ್ಸುತ್ತೆ. ಆ ಒಂದು ಮಾತಿನ ಜೊತೆ ನಾನು ಒಂಬತ್ತು ವಾರ ಬದುಕಿದೆ. ಅನ್ಸುತ್ತೆ ಜೊತೆ ಎದ್ದೆ, ಅನ್ಸುತ್ತೆ ಜೊತೆ ಲಾಳಿ ಹಾಕಿದೆ, ಒಂದು ಸೀರೆಯಲ್ಲಿ ಎಳೆ ತಪ್ಪಿಸಿದೆ. ಮೆಟ್ಟಿಲಿಗೆ ಹಿಡಿ ಮಾತ್ರ ಅವತ್ತೇ ಹಾಕಿಸಿದೆ.

ಹೆಣ್ಣು ಮಗು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ನಾನು ಮುಖ ನೋಡಲಿಲ್ಲ, ಬೆರಳು ಎಣಿಸಿದೆ. "ಸ್ವಲ್ಪ ಕಾಲೂ ತೋರ್ಸಮ್ಮ," ಎಂದೆ.

"ಇಪ್ಪತ್ತೂ ಇದೆ ತಾತ. ನಾವು ಕದ್ದಿಲ್ಲ," ಎಂದಳು ಆಕೆ. ಮಗು ಬಾಯಿ ಬಿಟ್ಟು ಅತ್ತಿತು. ಅಷ್ಟು ಗಟ್ಟಿ ದನಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಅದಕ್ಕೂ ಒಂದು ಗಳಿಗೆ ಹೆದರಿದೆ.

ಅರ್ಧ ಡ್ರಮ್ಮುಗಳು ಉಳಿದಿದ್ದವು. ಗುಜರಿಗೆ ಹಾಕಿದರೆ ಯಾರೋ ಕೊಂಡು ನೀರು ತುಂಬುತ್ತಾರೆ. ಬೀದಿಗಿಟ್ಟರೆ ಯಾರೋ ಒಯ್ದು ಟೊಮ್ಯಾಟೊ ನೆಡುತ್ತಾರೆ, ನನ್ನಂಥ ಬುದ್ಧಿವಂತರು ಊರಲ್ಲಿ ಇನ್ನೂ ಇರಬಹುದು. ಅದಕ್ಕೆ ಗರಗಸ ತಂದು ಎರಡು ದಿನ ಕೂತು ಅಂಗೈಯಗಲದ ಚೂರು ಮಾಡಿದೆ. ಆಮೇಲೆ ಗೆಳೆಯನ ಶೆಡ್ಡಿಗೆ ಹೋಗಿ, ಹೊರಗಿದ್ದ ಖಾಲಿ ಡ್ರಮ್ಮುಗಳಿಗೂ ತೂತು ಹಾಕಲು ಕೂತೆ. ಅವನು ಕಡ್ಡಿ ಕಾಸಿ ಕೊಟ್ಟ.

ಈಗ ತಾರಸಿಗೆ ಮತ್ತೆ ಮಣ್ಣಿನ ಕುಂಡ ಬಂದಿದೆ, ಮಗಳು ಆರಿಸಿದ್ದು. ಅಡಿಗೆ ಗೋಣಿಚೀಲ ಹಾಕಿದರೆ ಕುಂಡ ನಡೆಯುವುದಿಲ್ಲ ಎಂದು ಅವಳೇ ಕಂಡುಹಿಡಿದಳು. ಮೊಮ್ಮಗಳಿಗೆ ಇನ್ನೇನು ಆರು ತಿಂಗಳು ತುಂಬುತ್ತದೆ, ರಾಗಿ ಸರಿ ಶುರುಮಾಡುತ್ತಾರೆ. ಅಮ್ಮನ ಕಾಲದ ನೀಲಿ ಡ್ರಮ್ಮನ್ನು ಹೆಂಡತಿಯೇ ಎಳೆದು ಹಿತ್ತಲಿಗೆ ಹಾಕಿದಳು. ನಾನು ಅಂಗಡಿಗೆ ಹೋಗಿ ದೊಡ್ಡ ಸ್ಟೀಲ್ ಡಬ್ಬವೊಂದನ್ನು ಆರಿಸಿ, ಮುಚ್ಚಳ ತೆಗೆದು ಮೂಸಿ, "ಇದರಲ್ಲಿ ಮೊದಲು ಏನಿತ್ತು?" ಎಂದು ಕೇಳಿದೆ.

"ಹೊಸಾದು ಸಾರ್," ಎಂದ ಅಂಗಡಿಯವನು. "ಗಾಳಿ ಇತ್ತು."

ಮನೆಗೆ ತಂದು ಮೂರು ಸಲ ತೊಳೆದೆ. ಬಟ್ಟೆ ಉಜ್ಜಿ ನೋಡಲಿಲ್ಲ.